ನಡಾವಳಿ ಪುಸ್ತಕ ಸಭೆಯಲ್ಲೇ ತುಂಬಿತು: ಅಧ್ಯಕ್ಷೆಯಾಗಿ ನನ್ನ ಮೂವತ್ತು ತಿಂಗಳು

ಗ್ರಾಮ ಪಂಚಾಯ್ತಿ ಸಭೆಯ ನಡಾವಳಿಯನ್ನು, ಅಂದರೆ ಏನು ಚರ್ಚೆಯಾಯಿತು, ಏನು ತೀರ್ಮಾನವಾಯಿತು ಎನ್ನುವ ಬರಹವನ್ನು, ಸಭೆಯಲ್ಲೇ ಬರೆದು, ಎಲ್ಲರಿಗೂ ಕೇಳುವ ಹಾಗೆ ಓದಿ, ಆಮೇಲೆ ಸಹಿ ಹಾಕಿಸೋಣ ಎಂದು ನಾನು ಹೇಳಿದಾಗ ನಮ್ಮ ಹದಿನೇಳು ಸದಸ್ಯರಲ್ಲಿ ಹೂಂ ಅಂದವರು ಇಬ್ಬರೇ. ಮೂರು ಸಲ ಗೆದ್ದಿದ್ದ ಹಿರಿಯ ಸದಸ್ಯರೊಬ್ಬರು, "ಸಂಘದ ಲೆಕ್ಕ ಬೇರೆ, ಪಂಚಾಯ್ತಿ ಲೆಕ್ಕ ಬೇರೆ ಕಣಮ್ಮಾ. ಹಿಂಗೆ ಬರೀತಾ ಕೂತ್ರೆ ಹೊತ್ತು ಮುಳುಗುತ್ತೆ" ಅಂದರು. ತರಬೇತಿಗೆ ಹೋದಾಗ ಬೇರೆ ಪಂಚಾಯ್ತಿಯ ಅಧ್ಯಕ್ಷರೂ ಅದನ್ನೇ ಹೇಳಿದರು. ಅವರಲ್ಲಿ ಮೂರ್ನಾಲ್ಕು ಜನ ಆಮೇಲೆ ನಮ್ಮ ಪುಸ್ತಕ ನೋಡಿಕೊಂಡು ಹೋಗಲು ಬಂದರು. ಇದನ್ನು ಹೇಗೆ ಮಾಡಿದಿರಿ ಅಂತ ಈಗಲೂ ಫೋನ್ ಮಾಡಿ ಕೇಳುವವರು ಇರುವುದರಿಂದ ಒಂದೇ ಸಲ ಬರೆದುಬಿಡುತ್ತೇನೆ.

2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದೆ. ಮೀಸಲಾತಿಯಲ್ಲಿ ಅಧ್ಯಕ್ಷ ಸ್ಥಾನ ಮಹಿಳೆಗೆ ಬಂತು, ಮೊದಲ ಅವಧಿಗೆ ನಾನಾದೆ. ಅದಕ್ಕೆ ಮೊದಲು ಹನ್ನೆರಡು ವರ್ಷ ಸ್ತ್ರೀಶಕ್ತಿ ಸಂಘದ ಪ್ರತಿನಿಧಿಯಾಗಿದ್ದೆ. ಸಂಘದಲ್ಲಿ ಇಪ್ಪತ್ತು ರೂಪಾಯಿ ಉಳಿತಾಯ ಕಟ್ಟುವವಳ ಎದುರಿಗೇ ಪುಸ್ತಕ ತುಂಬಬೇಕು, ಓದಿ ಹೇಳಬೇಕು, ನೋಟು ಎಣಿಸಿ ತೋರಿಸಬೇಕು. ಅಲ್ಲಿ ಖಾಲಿ ಹಾಳೆಗೆ ಸಹಿ ಕೇಳಿದರೆ ಮಾರನೇ ವಾರ ಸಂಘವೇ ಇರುವುದಿಲ್ಲ. ಪಂಚಾಯ್ತಿಯ ಮೊದಲ ಸಾಮಾನ್ಯ ಸಭೆಯಲ್ಲಿ ನಾನು ಕಂಡದ್ದು ಇದರ ತಲೆಕೆಳಗು. ಬಂದ ಕೂಡಲೇ ಹಾಜರಾತಿ ಪುಟಕ್ಕೆ ಸಹಿ, ಕಾಫಿ, ಮಾತು, ಊಟ. ಬರೆಯುವುದು ಎಂಟು ದಿನದ ಮೇಲೆ. ಬಾರದವರ ಮನೆಗೆ ಜವಾನ ಪುಸ್ತಕ ಹೊತ್ತುಕೊಂಡು ಹೋಗುತ್ತಿದ್ದ. ಬರವಣಿಗೆಯಂತೂ ನಿಮಗೆ ಗೊತ್ತಿರುವುದೇ: "ಸಭೆಯು ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ಅನುಮೋದಿಸಲಾಯಿತು." ಏನನ್ನು, ಎಷ್ಟಕ್ಕೆ, ಯಾವ ಖಾತೆಯಿಂದ, ಯಾರು ಯಾವತ್ತಿನೊಳಗೆ ಮಾಡಬೇಕು, ಒಂದೂ ಇರುತ್ತಿರಲಿಲ್ಲ.

ನಾನು ಈ ನಾಲ್ಕು ಪ್ರಶ್ನೆಗೆ ಉತ್ತರ ಇಲ್ಲದ ಠರಾವಿಗೆ (ಸಭೆಯ ನಿರ್ಣಯಕ್ಕೆ) ಸಹಿ ಹಾಕುವುದಿಲ್ಲ ಅಂತ ಹೇಳಿಬಿಟ್ಟೆ. ಮೊದಲ ಪ್ರಯತ್ನ ಪೂರ್ತಿ ಕೆಟ್ಟಿತು. ಆ ದಿನ ಇಪ್ಪತ್ತಾರು ವಿಷಯ ಇದ್ದವು. ಹನ್ನೊಂದಕ್ಕೆ ಶುರುವಾಗಿ ಮಧ್ಯಾಹ್ನ ಮೂರೂವರೆಯಾದರೂ ಐದು ವಿಷಯ ಮುಗಿದಿರಲಿಲ್ಲ. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಬರೆಯುತ್ತಲೇ ಇದ್ದರು, ಸದಸ್ಯರು ಒಬ್ಬೊಬ್ಬರೇ ಎದ್ದು ಹೋದರು, ಕೊನೆಗೆ ಕೋರಂ ಇಲ್ಲದೆ ಸಭೆ ಮುಂದೂಡಬೇಕಾಯಿತು. ಆ ತಿಂಗಳ ಬಿಲ್ಲುಗಳು ನಿಂತವು, ಊರಿಗೆ ನೀರು ಬಿಡುವ ನೀರುಗಂಟಿಗಳ ಸಂಬಳ ಹದಿನೈದು ದಿನ ತಡವಾಯಿತು. ಅವರಲ್ಲಿ ಒಬ್ಬ ಮನೆ ಬಾಗಿಲಿಗೆ ಬಂದು ನಿಂತಾಗ ನನ್ನ ಹತ್ತಿರ ಹೇಳಲು ಮಾತಿರಲಿಲ್ಲ.

ಎರಡನೇ ಸಲ ವಿಧಾನ ಬದಲಾಯಿಸಿದೆ. ನೋಟಿಸು ಹೇಗೂ ಏಳು ದಿನ ಮೊದಲೇ ಹೋಗಬೇಕಲ್ಲ, ಅದರ ಜೊತೆಗೇ ಬಿಲ್ಲುಗಳ ಪಟ್ಟಿ ಲಗತ್ತಿಸಿದೆವು. ಕೆಲಸ, ಅಂಗಡಿ, ಮೊತ್ತ, ಖಾತೆ ಎಲ್ಲವೂ ಒಂದೇ ಹಾಳೆಯಲ್ಲಿ. ಸಭೆಯ ಹಿಂದಿನ ದಿನವೇ ಪುಸ್ತಕದಲ್ಲಿ ಪ್ರತಿ ವಿಷಯದ ತಲೆಬರಹ, ಹಿನ್ನೆಲೆ ಬರೆದಿಟ್ಟು, 'ತೀರ್ಮಾನ' ಎಂಬಲ್ಲಿ ಮಾತ್ರ ಆರು ಸಾಲು ಬಿಡಿಸಿದೆ. ವಿಷಯ ಇಳಿಸಿ ಇಳಿಸಿ ಒಂಬತ್ತು ಹತ್ತಕ್ಕೆ ತಂದೆವು. 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು' ಅಂತ ಕೊನೆಯಲ್ಲಿ ನುಗ್ಗುತ್ತಿದ್ದ ಸಂತೆಗೆ ಬಾಗಿಲು ಹಾಕಿದೆ. ದುಡ್ಡಿನ ವಿಷಯ ಒಂದೂ ಅಲ್ಲಿ ಬರಕೂಡದು ಎಂದು ಅದಕ್ಕೇ ಒಂದು ಠರಾವು ಮಾಡಿಸಿದೆ. ಉಳಿದ ಸಾಲುಗಳಿಗೆ ಅಡ್ಡ ಗೀಟು ಎಳೆದ ಮೇಲೆಯೇ ಸಹಿ. ಇದು ಸಂಘದಲ್ಲಿ ಕಲಿತದ್ದು. ಗೀಟಿನ ಕೆಳಗೆ ಯಾರೂ ಏನೂ ಸೇರಿಸುವ ಹಾಗಿಲ್ಲ. ಯಾವ ವಿಷಯವನ್ನು ಎಷ್ಟನೆಯದಾಗಿ ಇಡಬೇಕು ಎನ್ನುವುದರಲ್ಲಿ ಒಂದು ಗುಟ್ಟಿದೆ. ಅದನ್ನು ಬರೆಯುವುದಿಲ್ಲ, ನಾಲ್ಕು ಸಭೆ ನಡೆಸಿದರೆ ನಿಮಗೇ ಹೊಳೆಯುತ್ತದೆ.

ಮೂರನೇ ತಿಂಗಳಿಗೆ ಹಿಡಿತ ಸಿಕ್ಕಿತು ಅಂದುಕೊಳ್ಳುವಷ್ಟರಲ್ಲಿ ಕೊರೊನಾದ ಎರಡನೇ ಅಲೆ. ಸಭೆ ಇಲ್ಲ, ಆದರೆ ಟಾಸ್ಕ್ ಫೋರ್ಸ್ ಇತ್ತು, ಖರೀದಿ ಇತ್ತು. ಬ್ಲೀಚಿಂಗ್ ಪೌಡರು, ಸ್ಯಾನಿಟೈಸರು, ಸ್ಪ್ರೇಯರು. ಆಮೇಲೆ ಎಲ್ಲಕ್ಕೂ ಒಟ್ಟಿಗೆ ಘಟನೋತ್ತರ ಅನುಮೋದನೆ, ಅಂದರೆ ಖರ್ಚಾದ ಮೇಲೆ ಸಭೆಯ ಒಪ್ಪಿಗೆ. ಜನ ಸಾಯುತ್ತಿದ್ದಾಗ ದರ ಕೇಳುತ್ತಾ ಕೂರಲು ನನಗೆ ಮನಸ್ಸಾಗಲಿಲ್ಲ, ಸಹಿ ಹಾಕಿದೆ. ಪೌಡರಿನ ಚೀಲಕ್ಕೆ ಹೆಚ್ಚುಕಡಿಮೆ ಎರಡರಷ್ಟು ದರ ಹಾಕಿದ್ದರು. ಸುಮಾರು ಮೂವತ್ತೆಂಟು ಸಾವಿರ ಹೆಚ್ಚಿಗೆ ಹೋಯಿತು, ಆಡಿಟ್‌ನಲ್ಲಿ ಆಕ್ಷೇಪಣೆಯೂ ಬಂತು. ಆ ಸಹಿ ನನಗೆ ಈಗಲೂ ಚುಚ್ಚುತ್ತದೆ. ಘಟನೋತ್ತರ ಅನ್ನುವ ಪದ ಆಮೇಲೆ ನನ್ನ ಅವಧಿಯಲ್ಲಿ ಎರಡೇ ಸಲ ಬಂದಿದೆ. ಎರಡೂ ಸಲ ಕೊಟೇಶನ್ ಅಂಟಿಸಿಯೇ ಬಂದದ್ದು.

ಈ ಪದ್ಧತಿಯ ಫಲ ಮೊದಲು ಕಂಡದ್ದು ಮೋಟಾರಿನಲ್ಲಿ. ನಮ್ಮ ಐದು ಹಳ್ಳಿಗೆ ಹದಿನಾಲ್ಕು ಕೊಳವೆಬಾವಿ. ಬಯಲುಸೀಮೆಯಲ್ಲಿ, ಅದೂ ಅಡಿಕೆ ತೋಟಗಳ ನಡುವೆ, ನೀರಿನ ಮಟ್ಟ ಗೊತ್ತೇ ಇದೆ, ಮೋಟಾರು ಸುಡುವುದು ಸಾಮಾನ್ಯ. ಆಗ ಒಂದು ಸಲ ರೀವೈಂಡಿಂಗ್ (ಸುಟ್ಟ ತಂತಿ ಬಿಚ್ಚಿ ಹೊಸದಾಗಿ ಸುತ್ತುವುದು) ಮಾಡಿಸಿದರೆ ಒಂಬತ್ತು ಸಾವಿರ, ಎತ್ತಿ ಇಳಿಸಲು ಐದು. ಹಿಂದಿನ ವರ್ಷ ದುರಸ್ತಿಗೆ ಹತ್ತಿರ ಹತ್ತಿರ ನಾಲ್ಕೂವರೆ ಲಕ್ಷ ಹೋಗಿತ್ತು. 'ಮೋಟಾರ್ ದುರಸ್ತಿ ಬಿಲ್ಲುಗಳನ್ನು ಪಾವತಿಸಲು ಅನುಮೋದಿಸಲಾಯಿತು' ಅಂತ ಇತ್ತೇ ಹೊರತು ಯಾವ ಮೋಟಾರು ಅಂತ ಎಲ್ಲೂ ಇರಲಿಲ್ಲ. ನಾವು ಪ್ರತಿ ಮೋಟಾರಿನ ಮೇಲೂ ಬಣ್ಣದಲ್ಲಿ ನಂಬರು ಬರೆಸಿದೆವು. ಠರಾವಿನಲ್ಲಿ ನಂಬರು ಬರಬೇಕು, ಎತ್ತುವಾಗ ಆ ವಾರ್ಡಿನ ಸದಸ್ಯರು ಅಲ್ಲಿರಬೇಕು. ಎಂಟೇ ತಿಂಗಳಲ್ಲಿ ಐದನೇ ನಂಬರು ಮೂರು ಸಲ ಪುಸ್ತಕಕ್ಕೆ ಬಂತು. ಗಟ್ಟಿಯಾಗಿ ಓದುತ್ತಿದ್ದಾಗ, ಯಾವತ್ತೂ ಬಾಯಿ ಬಿಡದ ನಮ್ಮ ಸದಸ್ಯೆಯೊಬ್ಬಳು, "ಅಕ್ಕಾ, ಇದು ಯುಗಾದಿಗೂ ಓದಿದ್ರಲ್ಲ?" ಅಂದಳು. ಪುಟ ತಿರುಗಿಸಿದರೆ ಹೌದು. ಅಂಗಡಿಯವನನ್ನು ಕರೆಸಿ ಆರು ತಿಂಗಳ ಗ್ಯಾರಂಟಿ ಬರೆಸಿಕೊಂಡೆವು, ಆ ಬಿಲ್ಲು ಕೊಡಲಿಲ್ಲ. ಮಾರನೇ ವರ್ಷ ದುರಸ್ತಿ ಖರ್ಚು ಎರಡೂ ಮುಕ್ಕಾಲು ಲಕ್ಷದೊಳಗೆ ಬಂತು. ನಮ್ಮ ತಾಲ್ಲೂಕಿನಲ್ಲಿ ಹೀಗೆ ಇಳಿಸಿದ ಪಂಚಾಯ್ತಿ ಇನ್ನೊಂದಿದ್ದರೆ ನನಗೆ ತಿಳಿಸಿ.

ಇದರಿಂದ ಕೆಲವರಿಗೆ ನೋವಾಯಿತು. ಮೂವರು ಸದಸ್ಯರು ಎರಡು ತಿಂಗಳು ಸಭೆಗೆ ಬರಲಿಲ್ಲ, ಅವಿಶ್ವಾಸದ ಮಾತೂ ಕಿವಿಗೆ ಬಿತ್ತು. ಒಬ್ಬರು ತಾವಾಗಿಯೇ ಬಂದರು. ಉಳಿದಿಬ್ಬರನ್ನು ಹೇಗೆ ಕರೆತಂದೆ ಎನ್ನುವುದು ನಮ್ಮ ನಮ್ಮೊಳಗಿನ ಮಾತು, ಅವರ ಮರ್ಯಾದೆಯ ಪ್ರಶ್ನೆ. ದುಡ್ಡು ಕೊಟ್ಟಿಲ್ಲ, ಕಾಮಗಾರಿ ಬಿಟ್ಟುಕೊಟ್ಟಿಲ್ಲ, ಇಷ್ಟು ಹೇಳಬಲ್ಲೆ.

ವರ್ಷದ ಕಾಮಗಾರಿಗಳ ಕ್ರಿಯಾ ಯೋಜನೆ ಹೊತ್ತಿಗೂ ಇದೇ ಪುಸ್ತಕ ಕೈಹಿಡಿಯಿತು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನೀರಿಗೆ, ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು. ಎಲ್ಲರಿಗೂ ಬೇಕಾದದ್ದು ಸಿಸಿ (ಕಾಂಕ್ರೀಟ್) ರಸ್ತೆ. ಮೊದಲಾದರೆ ಪಿಡಿಒ ಮೇಲೆ ಜಗಳ. ಈಗ ಖಾತೆಯ ಹೆಸರು, ಉಳಿಕೆ ಮೊತ್ತ ಎರಡನ್ನೂ ಓದಿದ ಮೇಲೆ ಅನಿರ್ಬಂಧಿತದಲ್ಲಿ, ಅಂದರೆ ಬೇರೆ ಕೆಲಸಕ್ಕೂ ಬಳಸಬಹುದಾದ ಪಾಲಿನಲ್ಲಿ, ಉಳಿದಿರುವುದು ಇಷ್ಟೇ ಎಂದು ಅವರವರಿಗೇ ಕಾಣುತ್ತಿತ್ತು. ಜಗಳ ಹೋಗಲಿಲ್ಲ, ಆದರೆ ಇಷ್ಟರಲ್ಲಿ ಯಾವ ಬೀದಿ ಮೊದಲು ಎನ್ನುವ ಕಡೆಗೆ ತಿರುಗಿತು. ಆ ಜಗಳ ಆಗಬೇಕಾದದ್ದೇ.

ಮಧ್ಯೆ ಮಧ್ಯೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಸಭೆಯನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಸಿದೆ. ಮಾತಾಡುತ್ತಿದ್ದ ಹೆಣ್ಣುಮಕ್ಕಳೂ ಸೆರಗು ಸರಿಮಾಡಿಕೊಂಡು ಸುಮ್ಮನಾದರು, ಎರಡೇ ಸಭೆಗೆ ಕೈಬಿಟ್ಟೆ. ವಾಟ್ಸ್ಆ್ಯಪ್ ಗುಂಪು ಮಾಡಿದೆ, ಶುಭೋದಯದ ಚಿತ್ರಗಳ ಕೆಳಗೆ ನೋಟಿಸು ಹೂತುಹೋಯಿತು, ಆಮೇಲೆ ಬೈಗುಳ ಶುರುವಾಯಿತು, ಅದನ್ನೂ ಮುಚ್ಚಿದೆ. ಫಲ ಕೊಟ್ಟದ್ದು ಅಂದರೆ ಜೆರಾಕ್ಸು. ಪ್ರತಿ ಸಭೆಯ ನಡಾವಳಿಯ ಐದು ಪ್ರತಿ ತೆಗೆಸಿ ಗ್ರಂಥಾಲಯದಲ್ಲಿ, ನಾಲ್ಕು ಹಾಲಿನ ಡೇರಿಗಳಲ್ಲಿ ಇಡಿಸಿದೆ. ತಿಂಗಳಿಗೆ ನೂರು ರೂಪಾಯಿ ಖರ್ಚಿರಲಿಲ್ಲ. ಪೇಪರು ಓದಲು ಬರುವ ಹುಡುಗರು ಅದನ್ನೂ ಓದಿದರು. ಅದರಲ್ಲೊಬ್ಬ, ಮನೆ ಕಂದಾಯದ ಮೇಲೆ ಶೇ 6 ಗ್ರಂಥಾಲಯ ಉಪಕರ ಅಂತ ಕಟ್ಟಿಸಿಕೊಳ್ಳುತ್ತೀರಿ, ಇಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಒಂದು ಪುಸ್ತಕವೂ ಇಲ್ಲವಲ್ಲ ಅಂತ ಅರ್ಜಿ ಬರೆದ. ಆರೋಗ್ಯ ಉಪಕರ ಶೇ 15, ಶಿಕ್ಷಣದ್ದು 10, ಭಿಕ್ಷುಕರದು 3, ಎಲ್ಲ ಲೆಕ್ಕ ಹಾಕಿದ್ದ. ಅವನ ಅರ್ಜಿಯನ್ನು ಮುಂದಿನ ಸಭೆಯಲ್ಲಿ ಪೂರ್ತಿ ಓದಿಸಿದೆ. ಪುಸ್ತಕ ಬಂದವು. ನಾನು ಪಟ್ಟ ಸಂತೋಷಗಳಲ್ಲಿ ಅದು ದೊಡ್ಡದು.

ವಾರ್ಡ್ ಸಭೆಯಲ್ಲೂ ಏಟು ತಿಂದೆ. ಶಾಲೆಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಬಂದವರು ಒಂಬತ್ತು ಜನ, ಅದರಲ್ಲಿ ಮೂವರು ನಮ್ಮ ಸಿಬ್ಬಂದಿ. ಕೂಲಿ ಬಿಟ್ಟು ಯಾರು ಬರುತ್ತಾರೆ? ಎರಡನೇ ಸಲ ಡಂಗುರ ಹೊಡೆಸಿ, ಸಂಜೆ ಹಾಲು ಹಾಕುವ ಹೊತ್ತಿಗೆ ಡೇರಿ ಮುಂದೆಯೇ ಜಮಖಾನ ಹಾಸಿಸಿದೆ. ಮಂಡಕ್ಕಿ, ಮೆಣಸಿನಕಾಯಿ, ಟೀ ಎಂಟುನೂರು ರೂಪಾಯಿ, ನನ್ನ ಕೈಯಿಂದ. ಎಂಬತ್ತಕ್ಕೂ ಹೆಚ್ಚು ಜನ ಕೂತರು, ಅರ್ಧಕ್ಕರ್ಧ ಹೆಂಗಸರು. ಹಾಲಿನ ಕ್ಯಾನು ಪಕ್ಕದಲ್ಲಿಟ್ಟುಕೊಂಡೇ ಚರಂಡಿ, ಬೀದಿದೀಪ, ಪಡಿತರ ಎಲ್ಲ ಮಾತಾಡಿದರು. ಅಲ್ಲೂ ಅಷ್ಟೇ, ಬರೆದದ್ದನ್ನು ಅಲ್ಲೇ ಓದಿದೆವು. ನವೆಂಬರಿನ ಮಕ್ಕಳ ಗ್ರಾಮಸಭೆಯಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳು ಶಾಲೆಯ ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇಲ್ಲ ಅಂದಳು. ಮುಂದಿನ ಸಾಮಾನ್ಯ ಸಭೆಯಲ್ಲಿ ಅದೇ ಮೊದಲ ವಿಷಯ. ಎರಡು ಸಾವಿರದ ನಾನೂರು ರೂಪಾಯಿಯ ಕೆಲಸ, ನಾಲ್ಕು ದಿನದಲ್ಲಿ ಆಯಿತು. ಅವಳ ತಂದೆ ಆರು ವರ್ಷದ ಕಂದಾಯ ಬಾಕಿ ಇಟ್ಟುಕೊಂಡಿದ್ದವರು, ತಾವೇ ಬಂದು ಕಟ್ಟಿದರು.

ಕಂದಾಯದ ಮಾತು ಬಂದಿದ್ದರಿಂದ ಹೇಳುತ್ತೇನೆ. ಬಾಕಿ ಸೇರಿ ನಮ್ಮ ಬೇಡಿಕೆ, ಅಂದರೆ ಜನರಿಂದ ಬರಬೇಕಾದ ಕಂದಾಯ, ಹದಿನಾರು ಲಕ್ಷದ ಹತ್ತಿರ ಇತ್ತು. ನಾನು ಬಂದಾಗ ವಸೂಲಿ ನಾಲ್ಕು ಲಕ್ಷ ದಾಟಿರಲಿಲ್ಲ. ಮಾರನೇ ವರ್ಷ ಏಳೂವರೆ, 2022-23ಕ್ಕೆ ಹನ್ನೊಂದರ ಮೇಲೆ. ಆಂದೋಲನ ಮಾಡಿದ್ದರಿಂದ ಆಯಿತು ಅಂತ ಮೇಲಿನವರು ವರದಿ ಬರೆದರು. ಆಂದೋಲನ ಹಿಂದೆಯೂ ಆಗಿತ್ತು. ಸದಸ್ಯರ ಮನೆಗಳ ಬಾಕಿಯನ್ನು ಮೊದಲು ಸಭೆಯಲ್ಲಿ ಓದಿದೆವು, ನನ್ನ ಮನೆಯದು ಎಲ್ಲಕ್ಕಿಂತ ಮೊದಲು, ಮೂರು ಸಾವಿರದ ಇನ್ನೂರು. ನಾನು ಅಲ್ಲೇ ಕಟ್ಟಿ ರಸೀದಿ ತೆಗೆದುಕೊಂಡೆ. ತಿಂಗಳೊಳಗೆ ಹದಿನೇಳು ಮನೆಯೂ ಚುಕ್ತಾ. ಆಮೇಲೆ ಬಿಲ್ ಕಲೆಕ್ಟರ್ ಯಾವ ಬಾಗಿಲಿಗೆ ಹೋದರೂ, ಮೆಂಬರ್ ಕಟ್ಟಿದ್ದಾರಾ ಅನ್ನುವ ಮಾತು ಬರಲಿಲ್ಲ.

ಇನ್ನೊಂದು. ನಮ್ಮ ಯಜಮಾನರು ಒಂದು ದಿನವೂ ಸಭೆಯ ಕೋಣೆಗೆ ಕಾಲಿಡಲಿಲ್ಲ. ಬೇರೆ ನಾಲ್ವರು ಸದಸ್ಯೆಯರ ಗಂಡಂದಿರು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಹಾಜರಾತಿ ಓದುವಾಗ ಸದಸ್ಯರಲ್ಲದವರ ಹೆಸರನ್ನೂ ಬರೆದು ಓದಿಸಿದೆ. ಮೂರನೇ ಸಭೆಗೆ ಬೆಂಚು ಖಾಲಿಯಾಯಿತು.

2022ರ ಜಮಾಬಂದಿಯ ದಿನ, ಅಂದರೆ ಪಂಚಾಯ್ತಿಯ ಲೆಕ್ಕ, ಕಾಮಗಾರಿಗಳನ್ನು ಜನರ ಮುಂದೆ ಪರಿಶೀಲಿಸುವ ದಿನ, ನಾನು ಗೆದ್ದೆ ಅನ್ನಿಸಿತು. ಅದಕ್ಕೆ ಮೊದಲು ಜಮಾಬಂದಿ ಅಂದರೆ ಅರ್ಧ ಗಂಟೆ. ಆ ವರ್ಷ ಜನ ಡೇರಿಯಲ್ಲಿ ಓದಿದ ಜೆರಾಕ್ಸು ಕೈಯಲ್ಲಿ ಹಿಡಿದು ಬಂದಿದ್ದರು. ಇಂತಿಂಥ ತಾರೀಕು, ಇಂತಿಂಥ ಠರಾವು, ಪೈಪು ಎಲ್ಲಿ ಅಂತ ಕೇಳಿದರು. ನಾಲ್ಕು ತಾಸು ನಡೆಯಿತು. ಎರಡು ಕೆಲಸ ನಿಂತುಹೋಗಿದ್ದವು, ನಿಂತಿವೆ ಅಂತ ಒಪ್ಪಿಕೊಂಡು ಕಾರಣ ಹೇಳಿದೆವು. ಹೊತ್ತು ಮುಳುಗುತ್ತೆ ಅಂದಿದ್ದ ಆ ಹಿರಿಯರು ಅವತ್ತು ಎದ್ದು ನಿಂತು ಪುಸ್ತಕದ ಪುಟ ತೆಗೆದು ಉತ್ತರ ಕೊಟ್ಟರು.

2023ರ ಆಗಸ್ಟಿನಲ್ಲಿ ನನ್ನ ಅವಧಿ ಮುಗಿದು ಸದಸ್ಯೆಯಾಗಿ ಉಳಿದೆ. ಗೀಟು ಎಳೆಯುವುದು, ಓದುವುದು ಮುಂದುವರಿಯಿತು. ಡೇರಿಯ ಜೆರಾಕ್ಸು ನಾಲ್ಕು ತಿಂಗಳು ನಿಂತಿತ್ತು, ಜನ ಕೇಳಿ ಮತ್ತೆ ಹಾಕಿಸಿದರು.

ಶುರು ಮಾಡುವವರಿಗೆ ಎರಡು ಮಾತು. ಮಾರ್ಚಿನಲ್ಲಿ ಕೈಹಾಕಬೇಡಿ, ವರ್ಷದ ಕೊನೆಯ ಬಿಲ್ಲುಗಳ ರಾಶಿಯಲ್ಲಿ ನನಗಾದ ಹಾಗೆಯೇ ಆಗುತ್ತದೆ. ಬಿಲ್ಲು ಕಡಿಮೆ ಇರುವ ಜೂನ್ ಒಳ್ಳೆಯದು. ಪಿಡಿಒ ಒಪ್ಪದಿದ್ದರೆ ಒಂದು ತಿಂಗಳು ನೀವೇ ಪಕ್ಕದಲ್ಲಿ ಕೂತು ಬರೆಯಲು ಸಹಾಯ ಮಾಡಿ. ಪಂಚಾಯ್ತಿಯ ಲೆಕ್ಕ, ನಡಾವಳಿ ಹಾಕುವ ಪಂಚತಂತ್ರ ತಂತ್ರಾಂಶದಲ್ಲಿ ಏರಿಸುವಾಗ ಅವರ ಕೆಲಸವೇ ಅರ್ಧಕ್ಕೆ ಇಳಿಯುತ್ತದೆ, ನಮ್ಮ ಪಿಡಿಒ ಒಪ್ಪಿದ್ದು ಅದನ್ನು ನೋಡಿಯೇ. ಮೋಟಾರಿನ ನಂಬರಿಗೆ ಮಾಮೂಲಿ ಬಣ್ಣ ಬಳಸಬೇಡಿ, ನೀರಿನಲ್ಲಿ ಎರಡೇ ತಿಂಗಳಿಗೆ ಹೋಗುತ್ತದೆ. ನಾವು ಆಮೇಲೆ ಉಳಿಯಿಂದ ಕೊರೆಸಿದೆವು, ಕೊರೆದವನು ಆಗ ಒಂದಕ್ಕೆ ಮೂವತ್ತು ರೂಪಾಯಿ ತೆಗೆದುಕೊಂಡ.