ಒಂದು ಸಿಲಿಂಡರ್ ಬಿಸಿ, ಇನ್ನೊಂದು ತಣ್ಣಗೆ: ವರ್ಷಗಟ್ಟಲೆ ನಿಂತ ರಾಜದೂತ್ 350 ಸರಿ ಮಾಡುವುದು ಹೇಗೆ?

ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ಮಾರುಕಟ್ಟೆಗೆ ಬಿಟ್ಟ ರಾಜದೂತ್ 350, ಎರಡು ಸಿಲಿಂಡರಿನ 347 ಸಿಸಿ ಟೂ ಸ್ಟ್ರೋಕ್ ಗಾಡಿ. ಅಪ್ಪನ ಕಾಲದ್ದು, ಮಾರೋದು ಬೇಡ ಅಂತ ಹಿತ್ತಲಲ್ಲಿ ನಿಲ್ಲಿಸಿರುತ್ತಾರೆ. ಯಾವತ್ತೋ ಆಸೆಯಾಗಿ ಹೊರಗೆ ತೆಗೆದು ಕಿಕ್ ಹೊಡೆದರೆ ಸ್ಟಾರ್ಟ್ ಏನೋ ಆಗುತ್ತದೆ, ಆದರೆ ಒಂದು ಸೈಲೆನ್ಸರ್ ಪೈಪ್ ಮುಟ್ಟಲಾರದಷ್ಟು ಕಾದಿದ್ದರೆ ಇನ್ನೊಂದು ಸುಮ್ನೆ ಬೆಚ್ಚಗಿರುತ್ತದೆ. ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ ಅಂತ ಬಿಡಬೇಡಿ. ಬಿಟ್ಟರೆ ಪಿಸ್ಟನ್ ಸೀಜ್ ಆಗಬಹುದು, ಅಂದರೆ ಸಿಲಿಂಡರಿನೊಳಗೇ ಕಚ್ಚಿಕೊಳ್ಳಬಹುದು. ಆಮೇಲೆ ಸಾಮಾನಿಗೆ ಊರೂರು ಅಲೆಯಬೇಕು.

ಇನ್ನೊಂದು ಮಾತು. ಅವಸರದಲ್ಲಿ ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ. ಈ ಗಾಡಿಯಲ್ಲಿ ಪ್ಲಗ್, ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿದು ಕೂಡಿಸುವ ಸ್ವಿಚ್), ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವುದು), ಕಾಯಿಲ್ (ಪ್ಲಗ್ಗಿಗೆ ಜೋರು ಕರೆಂಟ್ ಕೊಡುವುದು), ಕಾರ್ಬೋರೇಟರ್ (ಪೆಟ್ರೋಲ್, ಗಾಳಿ ಬೆರೆಸುವುದು) ಎಲ್ಲವೂ ಎರಡೆರಡು. ಹಾಗಾಗಿ ಚೆನ್ನಾಗಿರುವ ಕಡೆಯೇ ನಿಮಗೆ ಅಳತೆ. ಒಂದು ಸಲಕ್ಕೆ ಒಂದೇ ಸಾಮಾನನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬದಲಿಸಿ. ತೊಂದರೆಯೂ ಅದರ ಹಿಂದೆಯೇ ಹೋದರೆ ಕಳ್ಳ ಸಿಕ್ಕ ಹಾಗೇ.

ಸ್ಟಾರ್ಟ್ ಮಾಡುವ ಮೊದಲು

ಹಳೇ ಪೆಟ್ರೋಲ್ ಪೂರ್ತಿ ಇಳಿಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಎರಡೂ ಸೈಲೆನ್ಸರಿನ ಬಾಯಿಗೆ ಟಾರ್ಚ್ ಬಿಡಿ. ಕಣಜದ ಹುಳ ಒಳಗೆ ಮಣ್ಣಿನ ಗೂಡು ಕಟ್ಟಿರುತ್ತದೆ, ಅದೊಂದೇ ಸಾಕು ಒಂದು ಸಿಲಿಂಡರಿನ ಉಸಿರು ಕಟ್ಟಲು. ಏರ್ ಫಿಲ್ಟರ್ ಪೆಟ್ಟಿಗೆಯನ್ನೂ ತೆಗೆದು ನೋಡಿ. ನಮ್ಮ ಬಳ್ಳಾರಿಯ ಕೆಂಪು ಅದಿರು ಧೂಳು ಎಂಥಾ ಸಂದಿಯಲ್ಲೂ ನುಗ್ಗುತ್ತದೆ, ಅಲ್ವಾ? ಪ್ಲಗ್ ಬಿಚ್ಚಿ ಎರಡೂ ತೂತಿಗೆ ನಾಲ್ಕು ಹನಿ 2ಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನಿನ ಆಯಿಲ್) ಬಿಟ್ಟು, ಕೈಯಿಂದ ನಿಧಾನಕ್ಕೆ ಕಿಕ್ ತಿರುಗಿಸಿ.

ಸಿಲಿಂಡರಿಗೆ 2ಟಿ ಆಯಿಲ್ ಕಳಿಸುವ ಪಂಪಿನ ಮೇಲೆ ಮಾತ್ರ ವಿಶೇಷ ನಿಗಾ ಇರಲಿ. ವರ್ಷಗಟ್ಟಲೆ ನಿಂತ ಗಾಡಿಯ ಆಯಿಲ್ ಪೈಪಿನಲ್ಲಿ ಗಾಳಿ ಸೇರಿಕೊಂಡಿರುತ್ತದೆ. ಪಂಪಿನಿಂದ ಎರಡು ಪೈಪ್ ಹೋಗುತ್ತವೆ. ಒಂದರಲ್ಲಿ ಗಾಳಿ ಸಿಕ್ಕಿಕೊಂಡರೆ ಆ ಕಡೆ ಸಿಲಿಂಡರ್ ಒಣಗಿಯೇ ಓಡುತ್ತದೆ. ಗಾಳಿ ಬಿಡಿಸಿ, ಎರಡರಲ್ಲೂ ಆಯಿಲ್ ಬರುವುದನ್ನು ಕಣ್ಣಾರೆ ನೋಡುವ ತನಕ ಲೀಟರ್ ಪೆಟ್ರೋಲಿಗೆ 30 ಮಿ.ಲೀ. 2ಟಿ ಆಯಿಲ್ ಕಲಸಿಯೇ ಓಡಿಸಿ. ಹೊಗೆ ಜಾಸ್ತಿ ಬಂದರೆ ಬರಲಿ.

ತೊಂದರೆ ಯಾವ ಕಡೆಯದು?

ಬಹಳ ಜನ ಎಡವುವುದು ಇಲ್ಲೇ. ಕಾದಿರುವ ಸಿಲಿಂಡರಿಗೇ ರೋಗ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ತಣ್ಣಗಿರುವುದು ಕೆಲಸವನ್ನೇ ಮಾಡುತ್ತಿರುವುದಿಲ್ಲ, ಇನ್ನೊಂದು ಎರಡು ಪಾಲು ದುಡಿದು ಕಾಯುತ್ತಿರುತ್ತದೆ.

ಬೆಳಿಗ್ಗೆ, ನೆರಳಲ್ಲಿ, ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ನೋಡಿ. ಏಪ್ರಿಲ್ ಬಿಸಿಲಿಗೆ ಗಾಡಿ ನಿಲ್ಲಿಸಿದ್ದರೆ ಸ್ಟಾರ್ಟ್ ಮಾಡುವ ಮೊದಲೇ ಒಂದು ಕಡೆ ಕಾದಿರುತ್ತದೆ. ಕೊರೊನಾ ಸಮಯದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಈ ಕೆಲಸಕ್ಕೆ ಆಗುವುದಿಲ್ಲ, ವರ್ಕ್‌ಶಾಪಿನಲ್ಲಿ ಬಳಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕು. ಹೊಳೆಯುವ ಕ್ರೋಮ್ ಮೇಲೆ ಅದು ಕಡಿಮೆ ತೋರಿಸುತ್ತದೆ. ಎರಡೂ ಪೈಪಿಗೆ ಒಂದೇ ಜಾಗದಲ್ಲಿ ಶಾಖ ತಡೆಯುವ ಕಪ್ಪು ಪೇಂಟಿನ ಬೊಟ್ಟಿಟ್ಟು ಅಲ್ಲೇ ಅಳೆಯಿರಿ. ಗನ್ ಇಲ್ಲವೇ? ಎರಡೂ ಪೈಪಿಗೆ ಒಂದೊಂದು ಹನಿ ನೀರು ಹಾಕಿ, ಯಾವುದು ಮೊದಲು ಚುರ್ ಅನ್ನುತ್ತದೆ ನೋಡಿ. ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ಪ್ಲಗ್ ಬಿಚ್ಚಿ. ತಣ್ಣಗಿನ ಕಡೆಯದು ಕಪ್ಪಗೆ ಒದ್ದೆಯಾಗಿದ್ದರೆ ಕಿಡಿಯನ್ನು ಅನುಮಾನಿಸಿ. ಬಿಸಿ ಕಡೆಯದು ಸುಣ್ಣದಷ್ಟು ಬೆಳ್ಳಗಿದ್ದರೆ ಅಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ.

ಕಿಡಿ ದುರ್ಬಲವಾಗಿದ್ದರೆ

ಮೊದಲು ಪ್ಲಗ್ ಅದಲುಬದಲು ಮಾಡಿ. ಆಮೇಲೆ ಪಾಯಿಂಟ್ ನೋಡಿ. ನಿಂತಲ್ಲೇ ಅದರ ಮುಖಕ್ಕೆ ಕಿಲುಬು ಹಿಡಿದಿರುತ್ತದೆ. ಸಣ್ಣ ಎಮರಿ ಪೇಪರಿನಿಂದ ಉಜ್ಜಿ, ಒರೆಸಿ, ಗ್ಯಾಪ್ 0.3ರಿಂದ 0.4 ಮಿ.ಮೀ. ಇಡಿ. ಗ್ಯಾಪ್ ಬದಲಾದರೆ ಟೈಮಿಂಗೂ (ಕಿಡಿ ಬೀಳುವ ಹೊತ್ತು) ಬದಲಾಗುತ್ತದೆ, ಅದನ್ನು ಎರಡೂ ಕಡೆ ಮತ್ತೆ ನೋಡಲೇಬೇಕು. ಒಂದು ಪಾಯಿಂಟಿನಲ್ಲೇ ಜೋರಾಗಿ ಕಿಡಿ ಹಾರುತ್ತಿದ್ದರೆ ಅದರ ಕಂಡೆನ್ಸರ್ ಹೋಗಿದೆ. ಕಾಯಿಲ್ ಬದಲಿಸಿ ನೋಡುವಾಗ ಪ್ಲಗ್ ವೈರ್ ಒಂದನ್ನೇ ಬದಲಿಸಿದರೆ ಸಾಲದು, ಪಾಯಿಂಟಿನಿಂದ ಬರುವ ವೈರನ್ನೂ ಬದಲಿಸಬೇಕು. ಯಾಕೆಂದರೆ ಎರಡು ಸಿಲಿಂಡರಿಗೂ ಕಿಡಿ ಬೀಳುವ ಹೊತ್ತು ಬೇರೆ ಬೇರೆ.

ಪೆಟ್ರೋಲ್ ಸಾಲದಿದ್ದರೆ

ಸ್ಲೋದಲ್ಲಿ (ಆಕ್ಸಿಲರೇಟರ್ ಕೊಡದೆ ಇಂಜಿನ್ ಓಡುವಾಗ) ಮಾತ್ರ ವ್ಯತ್ಯಾಸ ಇದ್ದರೆ ಪೈಲಟ್ ಜೆಟ್, ಅಂದರೆ ಆಗ ಪೆಟ್ರೋಲ್ ಬಿಡುವ ಕಾರ್ಬೋರೇಟರಿನ ಸಣ್ಣ ತೂತಿನ ಸಾಮಾನು, ಕಟ್ಟಿರುತ್ತದೆ. ಪೆಟ್ರೋಲ್ ಆರಿ ಅಂಟಾಗಿ, ಕೂದಲೆಳೆಯಷ್ಟು ಸಣ್ಣ ತೂತನ್ನು ಮುಚ್ಚಿರುತ್ತದೆ. ಬೆಳಕಿಗೆ ಹಿಡಿದರೆ ದುಂಡಗೆ ಆರಪಾರು ಕಾಣಬೇಕು. ಕಬ್ಬಿಣದ ತಂತಿ ತೂರಿಸಬೇಡಿ, ತೂತು ದೊಡ್ಡದಾಗುತ್ತದೆ. ಕಾರ್ಬೋರೇಟರ್ ಕ್ಲೀನರ್ ಮತ್ತು ಗಾಳಿ ಸಾಕು. ಕೂಡಿಸಿದ ಮೇಲೆ ಆಕ್ಸಿಲರೇಟರ್ ತಿರುಗಿಸಿ, ಎರಡೂ ಕಾರ್ಬೋರೇಟರಿನ ಸ್ಲೈಡ್ (ಗಾಳಿದಾರಿ ತೆರೆಯುವ ಬಾಗಿಲು) ಒಂದೇ ಕ್ಷಣಕ್ಕೆ ಏಳುತ್ತವೆಯೇ ನೋಡಿ ಕೇಬಲ್ ಅಡ್ಜಸ್ಟ್ ಮಾಡಿ.

ಇಷ್ಟಾದರೂ ಒಂದು ಕಡೆ ಕಾಯುತ್ತಿದೆ, ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಬೇಗ ಸ್ಲೋಗೆ ಬರುತ್ತಿಲ್ಲ ಅಂದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಕಾರ್ಬೋರೇಟರಿನ ರಬ್ಬರ್ ಬಗ್ಗಿಸಿ ಬಿರುಕು ಹುಡುಕಿ. ಅಲ್ಲಿ ಇಲ್ಲದಿದ್ದರೆ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ಶಾಫ್ಟಿನ) ಎರಡು ತುದಿಯ ರಬ್ಬರ್ ಆಯಿಲ್ ಸೀಲ್ ಗಟ್ಟಿಯಾಗಿರಬಹುದು. ಎಡಗಡೆ ಸೀಲ್ ಹೋದರೆ ಗಾಳಿ ಒಳಗೆ ಹೋಗಿ ಎಡ ಸಿಲಿಂಡರ್ ಕಾಯುತ್ತದೆ. ಬಲಗಡೆಯದು ಹೋದರೆ ಗೇರ್ ಆಯಿಲ್ ಎಳೆದುಕೊಂಡು ಬಲ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತದೆ, ಗೇರ್ ಆಯಿಲ್ ಮಟ್ಟ ಇಳಿಯುತ್ತದೆ. ಇದು ಇಂಜಿನ್ ಬಿಚ್ಚುವ ಕೆಲಸ. ಟೂ ಸ್ಟ್ರೋಕ್ ಚೆನ್ನಾಗಿ ಗೊತ್ತಿರುವ ಮೇಸ್ತ್ರಿಗೇ ಕೊಡಿ. ಕೊಡುವ ಮೊದಲು ಎರಡೂ ಕಡೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಸಿ. ಒಂದರಲ್ಲಿ ತೀರಾ ಕಡಿಮೆ ಬಂದರೆ ಪಿಸ್ಟನ್ ರಿಂಗ್ ಅಂಟಿಕೊಂಡಿರಬಹುದು, ಬಿಚ್ಚಿದಾಗ ಅದನ್ನೂ ಒಟ್ಟಿಗೆ ಮುಗಿಸಬಹುದು.

ಎಲ್ಲಾ ಆದಮೇಲೆ ಬೆಳಗಿನ ತಂಪಲ್ಲಿ ಸಿರುಗುಪ್ಪ ರಸ್ತೆ ಕಡೆ ಹೋಗಿ. ತೋರಣಗಲ್ಲು ಕಡೆ ಲಾರಿ ಜಾಸ್ತಿ, ಬೇಡ. ಅರ್ಧ ಆಕ್ಸಿಲರೇಟರಿನಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಅಲ್ಲೇ ಇಂಜಿನ್ ಆಫ್ ಮಾಡಿ, ರಸ್ತೆ ಬದಿಗೆ ನಿಲ್ಲಿಸಿ ಎರಡೂ ಪ್ಲಗ್ ಬಿಚ್ಚಿ. ಎರಡೂ ಕಾಫಿಪುಡಿ ಬಣ್ಣಕ್ಕೆ ಬಂದಿದ್ದರೆ ಇನ್ನಷ್ಟು ದೂರ ಹೋಗಬಹುದು. ಒಂದು ಇನ್ನೂ ಬೆಳ್ಳಗಿದ್ದರೆ ರೇಸ್ ಕೊಡದೆ ನಿಧಾನಕ್ಕೆ ವಾಪಸ್ ಬಂದು ಆ ಕಡೆಯ ಸೀಲ್ ಮತ್ತೆ ನೋಡಿಸಿ.