ಚೊರೀಸ್ ಪಾವ್: ಎಣ್ಣೆ, ಉಪ್ಪು, ಖಾರ ಎಲ್ಲವೂ ಸಾಸೇಜಿನದ್ದೇ

ಗೋವಾದ ಮಾಪ್ಸಾ ಸಂತೆಯಲ್ಲಿ ಜಪಮಾಲೆಯ ಮಣಿಗಳಂತೆ ದಾರಕ್ಕೆ ಕಟ್ಟಿ ತೂಗುಹಾಕಿದ ಕೆಂಪು ಸಾಸೇಜು ಕಾಣಸಿಗುತ್ತದೆ. ಕೊಂಕಣಿಯಲ್ಲಿ ಅದು ಚೊರೀಸ್. ಹಂದಿಮಾಂಸದ ಸಣ್ಣ ತುಂಡುಗಳನ್ನು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ ಮತ್ತು ಕಳ್ಳಿನಿಂದ ತಯಾರಾದ ವಿನೆಗರ್‌ನಲ್ಲಿ ನೆನೆಸಿ, ಕರುಳಿನ ಚೀಲಕ್ಕೆ ತುಂಬಿ, ಬಿಸಿಲಿನಲ್ಲೋ ಹೊಗೆಯಲ್ಲೋ ಒಣಗಿಸಿರುತ್ತಾರೆ. ಪೋರ್ಚುಗೀಸರ ಜೊತೆ ಬಂದ ಈ ಪದ್ಧತಿಯಲ್ಲಿ ವೈನ್ ಇದ್ದ ಜಾಗಕ್ಕೆ ನಮ್ಮ ಕರಾವಳಿಯ ಕಳ್ಳಿನ ಹುಳಿ ಬಂತು. ಒಣಗಿಸಿದ್ದೇ ಹೊರತು ಬೇಯಿಸಿದ್ದಲ್ಲ ಎಂಬುದು ನೆನಪಿರಲಿ. ಇದನ್ನು ಪೂರ್ತಿ ಬೇಯಿಸದೆ ತಿನ್ನುವಂತಿಲ್ಲ.

ನಾಲ್ಕು ಜನರಿಗೆ ಬೇಕಾದದ್ದು: ಚೊರೀಸ್ 250 ಗ್ರಾಂ, ಮಧ್ಯಮ ಗಾತ್ರದ ಈರುಳ್ಳಿ 3, ಆಲೂಗಡ್ಡೆ 2, ಕ್ಯಾಪ್ಸಿಕಂ 1, ಹಸಿಮೆಣಸಿನಕಾಯಿ 1. ಬ್ರೆಡ್ಡಿಗೆ ಗೋವಾದ ಪೊಯ್ 4. ಸಿಗದಿದ್ದರೆ ಸಿಹಿಯಿಲ್ಲದ ಪಾವ್ 8. ಬೇಕರಿಯ ಸಿಹಿ ಬನ್ ಮಾತ್ರ ಬೇಡ, ಈ ಹುಳಿ-ಖಾರಕ್ಕೆ ಅದು ಹೊಂದುವುದಿಲ್ಲ. ಎಣ್ಣೆ, ಉಪ್ಪು ಪಟ್ಟಿಯಲ್ಲಿ ಇಲ್ಲದಿರುವುದು ಮರೆವಿನಿಂದಲ್ಲ.

ಮೊದಲು ನೀರು, ಆಮೇಲೆ ಹುರಿಯುವುದು

ದಾರ ಕತ್ತರಿಸಿ ತೆಗೆದು, ಸಾಸೇಜನ್ನು ಐದು ನಿಮಿಷ ಬೆಚ್ಚಗಿನ ನೀರಿನಲ್ಲಿಡಿ. ಮೇಲಿನ ಚೀಲ ಮೆತ್ತಗಾಗುತ್ತದೆ. ಉದ್ದಕ್ಕೆ ಸೀಳಿ ಸುಲಿದರೆ ಒಳಗಿನ ಮಾಂಸ ಬಿಡಿಬಿಡಿಯಾಗಿ ಬರುತ್ತದೆ. ಅದನ್ನು ದಪ್ಪ ತಳದ ಸ್ಟೀಲ್ ಬಾಣಲೆಗೆ ಹಾಕಿ, ಮುಕ್ಕಾಲು ಲೋಟ ನೀರು ಸುರಿದು, ಮುಚ್ಚಿ, ಸಣ್ಣ ಉರಿಯಲ್ಲಿ 20 ನಿಮಿಷ ಬೇಯಿಸಿ. ಕಬ್ಬಿಣದ ಬಾಣಲೆ ಬೇಡ. ವಿನೆಗರ್ ತಾಗಿದರೆ ಕಬ್ಬಿಣದ ರುಚಿ ಬಿಟ್ಟುಕೊಳ್ಳುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ. ಸಾಸೇಜ್ ಅಲ್ಲವೇ ಎಂದು ನೇರ ಹುರಿಯಲು ಹೊರಟರೆ, ಮಾಂಸ ಬೇಯುವ ಮೊದಲೇ ಮೆಣಸಿನ ಪುಡಿ ಸೀದು ಕಹಿಯಾಗುತ್ತದೆ, ತುಂಡುಗಳು ಗಟ್ಟಿಯಾಗುತ್ತವೆ. ನೀರಿನಲ್ಲಿ ಬೆಂದರೆ ಮಾಂಸ ಮೆತ್ತಗಾಗಿ, ಕೊಬ್ಬು ನಿಧಾನವಾಗಿ ಕರಗಿ, ನೀರು ಇಂಗಿದಾಗ ಕೆಂಪು ಎಣ್ಣೆ ತಾನಾಗಿ ತೇಲುತ್ತದೆ. ಮಸಾಲೆಯಿಂದಾಗಿ ಮಾಂಸ ಮೊದಲಿನಿಂದ ಕೊನೆಯವರೆಗೂ ಕೆಂಪಗೇ ಇರುವುದರಿಂದ ಬಣ್ಣ ನೋಡಿ ಬೆಂದಿದೆಯೇ ಎಂದು ಹೇಳಲಾಗದು. ದೊಡ್ಡ ತುಂಡೊಂದನ್ನು ಚಮಚದ ಅಂಚಿನಿಂದ ಒತ್ತಿದರೆ ಅದು ಸಲೀಸಾಗಿ ತುಂಡಾಗಬೇಕು. ಇಲ್ಲದಿದ್ದರೆ ಇನ್ನಷ್ಟು ಬಿಸಿನೀರು, ಇನ್ನೂ ಹತ್ತು ನಿಮಿಷ.

ಅಷ್ಟರಲ್ಲಿ ಆಲೂಗಡ್ಡೆಯನ್ನು ಅರ್ಧ ಇಂಚಿನ ತುಂಡು ಮಾಡಿ, ಬೇರೆ ಪಾತ್ರೆಯಲ್ಲಿ ಉಪ್ಪಿಲ್ಲದೆ ಆರೇಳು ನಿಮಿಷ ಕುದಿಸಿ ಬಸಿದಿಡಿ. ಹಸಿ ಆಲೂಗಡ್ಡೆಯನ್ನು ನೇರವಾಗಿ ಸಾಸೇಜಿಗೆ ಹಾಕಿದರೆ ಎಷ್ಟು ಹೊತ್ತಾದರೂ ಬೇಯುವುದಿಲ್ಲ ಎಂಬ ದೂರು ಸಾಮಾನ್ಯ. ಅದು ಆಲೂಗಡ್ಡೆಯ ತಪ್ಪಲ್ಲ, ಹುಳಿಯದ್ದು. ಹುಣಿಸೆಹಣ್ಣು ಬಿದ್ದ ಮೇಲೆ ಸಾರಿನ ಬೇಳೆ ಮೊಂಡಾಗುವ ಹಾಗೆಯೇ ಇದು.

ತರಕಾರಿಯ ಸರದಿ

ನೀರು ಇಂಗಿ ಎಣ್ಣೆ ಬಿಟ್ಟ ಮೇಲೆ ಉದ್ದಕ್ಕೆ ಹೆಚ್ಚಿದ ಎರಡು ಈರುಳ್ಳಿ, ಸೀಳಿದ ಹಸಿಮೆಣಸಿನಕಾಯಿ ಹಾಕಿ ಎಂಟು ನಿಮಿಷ ಬಾಡಿಸಿ. ಎಣ್ಣೆ ಮೂರು ಚಮಚಕ್ಕಿಂತ ಹೆಚ್ಚಿದೆ ಅನ್ನಿಸಿದರೆ ಈರುಳ್ಳಿಗೆ ಮೊದಲೇ ಬಸಿದಿಡಿ. ಮರುದಿನ ಮೊಟ್ಟೆ ಹುರಿಯಲು ಇದಕ್ಕಿಂತ ಒಳ್ಳೆಯ ಎಣ್ಣೆ ಸಿಗದು. ನಂತರ ಆಲೂಗಡ್ಡೆ, ಕಾಲು ಲೋಟ ನೀರು, ಮುಚ್ಚಿ ಐದು ನಿಮಿಷ. ಅಗಲಕ್ಕೆ ಹೆಚ್ಚಿದ ಕ್ಯಾಪ್ಸಿಕಂ ಮತ್ತು ಉಳಿದ ಒಂದು ಈರುಳ್ಳಿ ಕೊನೆಯ ಮೂರು ನಿಮಿಷಕ್ಕೆ, ಮುಚ್ಚದೆ, ದೊಡ್ಡ ಉರಿಯಲ್ಲಿ. ಇವು ಅರೆಬೆಂದು ಕರುಕುರು ಎನ್ನಬೇಕು. ಗೋವಾದ ಅಂಗಡಿಯ ಚೊರೀಸ್ ಪಾವ್‌ನಲ್ಲಿ ಕ್ಯಾಪ್ಸಿಕಂ ಸಾಮಾನ್ಯವಾಗಿ ಇರುವುದಿಲ್ಲ. ಹೊಟ್ಟೆ ತುಂಬುವ ಮನೆಯೂಟಕ್ಕೆಂದು ಸೇರಿಸಿದ್ದು. ಟೊಮೆಟೊ ಬೇಡವೇ ಬೇಡ, ಹುಳಿ ಈಗಾಗಲೇ ಸಾಕಷ್ಟಿದೆ. ಎಲೆಕೋಸು ನೀರು ಬಿಟ್ಟು ಪಾವ್ ನೆನೆಸುತ್ತದೆ.

ಈಗ ರುಚಿ ನೋಡಿ. ಉಪ್ಪು ಜಾಸ್ತಿಯೆನಿಸಿದರೆ ಬೆಂದ ಆಲೂಗಡ್ಡೆ ಇನ್ನೊಂದು ಸೇರಿಸಿ. ಚೆನ್ನಾಗಿ ಒಣಗಿದ ಸಾಸೇಜಿನಲ್ಲಿ ಉಪ್ಪು ಎದ್ದು ಕಾಣುತ್ತದೆ. ಬಾಣಲೆಯ ತಳದಲ್ಲಿ ಚಮಚ ಎಳೆದರೆ ಮೂಡುವ ದಾರಿಗೆ ಎಣ್ಣೆ ಮಾತ್ರ ಜಿನುಗಬೇಕು. ನೀರು ಹರಿದು ಬಂದರೆ ಇನ್ನೆರಡು ನಿಮಿಷ ಬೇಕು.

ಪೊಯ್ ಜೇಬಿನಂತಿರುವ ತವುಡು ಮಿಶ್ರಿತ ಗೋಧಿ ಬ್ರೆಡ್. ಒಂದು ಅಂಚು ಸೀಳಿ, ಒಳಮೈಗೆ ಆ ಕೆಂಪು ಎಣ್ಣೆ ಅರ್ಧ ಚಮಚ ಸವರಿ, ಒಣ ಕಾವಲಿಯ ಮೇಲೆ ಎರಡೂ ಬದಿ ಒಂದೊಂದು ನಿಮಿಷ ಬಿಸಿ ಮಾಡಿ, ತಲಾ ನಾಲ್ಕು ದೊಡ್ಡ ಚಮಚ ಹೂರಣ ತುಂಬಿ. ಪಾವ್ ಆದರೆ ಒಂದಕ್ಕೆ ಎರಡೇ ಚಮಚ.

ಹಂದಿಮಾಂಸ ತಿನ್ನದವರಿಗೆ

ಅಂಗಡಿಯ ಚಿಕನ್ ಸಾಸೇಜ್ ಆಗುತ್ತದೆ, ಆದರೆ ಅದರಲ್ಲಿ ಈ ಖಾರವಾಗಲಿ ಹುಳಿಯಾಗಲಿ ಇಲ್ಲ. ಆರು ಬ್ಯಾಡಗಿ ಮೆಣಸಿನಕಾಯಿ, ಆರು ಎಸಳು ಬೆಳ್ಳುಳ್ಳಿ, ಅರ್ಧ ಇಂಚು ಶುಂಠಿ, ಹತ್ತು ಕಾಳುಮೆಣಸು, ಅರ್ಧ ಚಮಚ ಜೀರಿಗೆ, ಎರಡು ಲವಂಗವನ್ನು ಎರಡು ದೊಡ್ಡ ಚಮಚ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ ನುಣ್ಣಗೆ ರುಬ್ಬಿ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಹಸಿ ವಾಸನೆ ಹೋಗುವವರೆಗೆ ಬಾಡಿಸಿ, ಬೇರೆಯಾಗಿ ಕೆಂಪಗೆ ಹುರಿದ ಸಾಸೇಜ್ ಬಿಲ್ಲೆಗಳನ್ನು ಸೇರಿಸಿ ಮುಂದುವರಿಯಿರಿ. ಇಲ್ಲಿ ಉಪ್ಪು ಬೇಕಾಗಬಹುದು.

ಡಬ್ಬಿಗೆ ಕಟ್ಟುವುದಾದರೆ ಹೂರಣ ಬೇರೆ, ಪಾವ್ ಬೇರೆ.