ಕೋಲು ಸಿಗದ ಸೌತೆ ಬಳ್ಳಿ: ಗಿಡದ ಚಿತ್ರದಲ್ಲಿ ಭಾವ ತರುವುದು ಹೇಗೆ?

ಮುಖ ಅರಳಿತು, ಮನಸ್ಸು ಮುದುಡಿತು, ಆಸೆ ಚಿಗುರಿತು, ಕನಸು ಕಮರಿತು, ಚಿಂತೆಯಲ್ಲಿ ಸೊರಗಿದಳು. ಮನುಷ್ಯರ ಮಾತಾಡುವಾಗಲೂ ಕನ್ನಡ ಗಿಡದ ಕ್ರಿಯಾಪದಗಳನ್ನೇ ಎತ್ತಿಕೊಳ್ಳುತ್ತದೆ. ಗಿಡ ಬಿಡಿಸಿ ಭಾವ ಹೇಳಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಸುಳಿವಿಲ್ಲ. ಹೆಚ್ಚಿನವರು ಮೊದಲು ಹೂವು ಹುಡುಕುತ್ತಾರೆ: ಪ್ರೀತಿಗೆ ಕೆಂಪು ಗುಲಾಬಿ, ದುಃಖಕ್ಕೆ ಒಣಮರ, ಅದರ ಮೇಲೊಂದು ಕಾಗೆ. ನೋಡುವವರಿಗೆ ಅರ್ಥವೇನೋ ಆಗುತ್ತದೆ, ತಾಗುವುದಿಲ್ಲ. ಯಾವ ಗಿಡ ಎಂಬುದಕ್ಕಿಂತ ಗಿಡ ಏನು ಮಾಡುತ್ತಿದೆ ಎಂಬುದರಲ್ಲಿ ಭಾವ ಇರುತ್ತದೆ.

ಮೊದಲು ಕ್ರಿಯಾಪದ, ಆಮೇಲೆ ಗಿಡ

ಹೇಳಬೇಕಾದ ಭಾವಕ್ಕೆ ಒಂದೇ ಒಂದು ಕ್ರಿಯಾಪದ ಬರೆದಿಟ್ಟುಕೊಳ್ಳಿ. ನಂತರ ಆ ಕೆಲಸವನ್ನು ನಿಜಕ್ಕೂ ಮಾಡುವ ಗಿಡ ಹುಡುಕಿ. ಮುದುಡಲು ದಾಸವಾಳ ಇದೆ. ಅರಳಿ ಒಂದೇ ದಿನಕ್ಕೆ ಎಸಳುಗಳನ್ನೆಲ್ಲ ಒಳಗೆ ಸುತ್ತಿಕೊಂಡು ಹಿಂಡಿದ ಬಟ್ಟೆಯಂತಾಗುತ್ತದೆ. ಮುನಿಸಿಗೆ ಮುಟ್ಟಿದರೆ ಮುನಿ ಇದ್ದೇ ಇದೆ, ಹೆಸರೇ ಹೇಳುತ್ತದೆ. ಇಲ್ಲಿ ನಾವು ತೆಗೆದುಕೊಂಡಿರುವುದು ‘ಕಾಯುವುದು’. ಅದಕ್ಕೆ ಸೌತೆ ಬಳ್ಳಿ.

ಆಸರೆಗಾಗಿ ಬಳ್ಳಿ ಚಾಚುವ ದಾರದಂಥ ಕುಡಿಯನ್ನು ಹತ್ತಿರದಿಂದ ನೋಡಿ. ಎಳೆಯದು ಗಾಳಿಯಲ್ಲಿ ನೆಟ್ಟಗೆ ಚಾಚಿಕೊಂಡು, ತುದಿಯನ್ನು ನಿಧಾನವಾಗಿ ವೃತ್ತಾಕಾರದಲ್ಲಿ ಆಡಿಸುತ್ತ ತಡಕುತ್ತದೆ. ಕೋಲು ಸಿಕ್ಕಿದ ಮೇಲೆ ತುದಿ ಅದನ್ನು ಸುತ್ತಿ ಹಿಡಿಯುತ್ತದೆ, ನಡುಭಾಗ ಸ್ಪ್ರಿಂಗಿನಂತೆ ಸುರುಳಿಯಾಗುತ್ತದೆ. ಆ ಸುರುಳಿ ಅರ್ಧದವರೆಗೆ ಒಂದು ದಿಕ್ಕಿಗೆ, ಅಲ್ಲಿಂದಾಚೆ ತದ್ವಿರುದ್ಧ ದಿಕ್ಕಿಗೆ ಸುತ್ತಿರುತ್ತದೆ. ಎರಡೂ ತುದಿ ಕಟ್ಟಿಹಾಕಿದ್ದರಿಂದ ಬೇರೆ ದಾರಿಯಿಲ್ಲ. ಹಳೆಯ ಟೆಲಿಫೋನ್ ವೈರಿನಲ್ಲೂ ಇಂಥದೇ ತಿರುವು ಕಾಣಿಸುತ್ತಿತ್ತು. ಏನೂ ಸಿಗದ ಕುಡಿ ಮಾತ್ರ ಒಂದೇ ದಿಕ್ಕಿಗೆ ತನ್ನಷ್ಟಕ್ಕೆ ಸುತ್ತಿಕೊಂಡು ಒಣಗುತ್ತದೆ. ಬಳ್ಳಿಗಿಡಗಳ ಬಗ್ಗೆ 1865ರಲ್ಲಿ ಬರೆದ ಚಾರ್ಲ್ಸ್ ಡಾರ್ವಿನ್ ಈ ವ್ಯತ್ಯಾಸವನ್ನು ದಾಖಲಿಸಿದ್ದಾನೆ. ಚಿತ್ರ ಬಿಡಿಸುವವರಿಗೆ ಇದು ಚಿನ್ನದಂಥ ವಿವರ: ಆಸರೆ ಸಿಕ್ಕಿದ್ದಕ್ಕೂ ಸಿಗದ್ದಕ್ಕೂ ಸುರುಳಿಯೇ ಬೇರೆ. ಎರಡನ್ನೂ ಒಂದೇ ರೀತಿ ಬರೆದರೆ ಚಿತ್ರ ಸುಳ್ಳು ಹೇಳುತ್ತದೆ.

ಸಾಮಗ್ರಿ

300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ), 11x15 ಇಂಚಿನ ಜಲವರ್ಣ ಕಾಗದ, 2ಬಿ ಪೆನ್ಸಿಲ್, 8ನೇ ನಂಬರಿನ ದುಂಡು ಬ್ರಷ್, ಉದ್ದ ಕೂದಲಿನ 2ನೇ ನಂಬರಿನ ರಿಗ್ಗರ್ ಬ್ರಷ್, 1 ಇಂಚಿನ ಚಪ್ಪಟೆ ಬ್ರಷ್. ಬಣ್ಣ ಐದು ಸಾಕು: ಸ್ಯಾಪ್ ಗ್ರೀನ್, ಲೆಮನ್ ಯೆಲ್ಲೋ, ಅಲಿಝರಿನ್ ಕ್ರಿಮ್ಸನ್ (ಕಡುಗೆಂಪು), ಬರ್ನ್ಟ್ ಸಿಯೆನ್ನಾ (ಕೆಂಗಂದು), ಅಲ್ಟ್ರಾಮರೀನ್ ಬ್ಲೂ. ಕಾಗದದ ನಾಲ್ಕೂ ಅಂಚನ್ನು ಹಲಗೆಗೆ ಟೇಪಿನಿಂದ ಅಂಟಿಸಿ. ತೆಳು ಡ್ರಾಯಿಂಗ್ ಶೀಟ್ ಬೇಡ. ನೀರು ಬಿದ್ದರೆ ಉಬ್ಬಿ, ಬಣ್ಣವೆಲ್ಲ ತಗ್ಗಿಗೆ ಹರಿದು ನಿಲ್ಲುತ್ತದೆ.

ಅಂತರ ಅಳೆಯುವುದು

ದೊಡ್ಡ ಕಾಗದ ಮುಟ್ಟುವ ಮುಂಚೆ 2x3 ಇಂಚಿನ ಆರು ಪುಟ್ಟ ಚೌಕಟ್ಟು ಹಾಕಿ, ಒಂದೊಂದಕ್ಕೂ ಎರಡೇ ನಿಮಿಷ ಕೊಡಿ. ಬಳ್ಳಿಯ ಬುಡ ಎಡಗಡೆ ಕೆಳಮೂಲೆಯಲ್ಲಿರಲಿ, ಕುಡಿ ಬಲಕ್ಕೆ ಚಾಚಲಿ. ಆರರಲ್ಲೂ ಬದಲಾಗಬೇಕಾದ್ದು ಕುಡಿಯ ತುದಿಗೂ ಕೋಲಿಗೂ ನಡುವಿನ ಜಾಗ ಮಾತ್ರ. ದೊಡ್ಡ ಕಾಗದದ ಲೆಕ್ಕದಲ್ಲಿ ಅರ್ಧ ಇಂಚು ಬಿಟ್ಟರೆ ‘ಇನ್ನೇನು ಸಿಕ್ಕಿತು’ ಎನ್ನಿಸುತ್ತದೆ. 4 ಇಂಚು ಬಿಟ್ಟರೆ ಹಂಬಲ. ಕೋಲನ್ನೇ ತೆಗೆದುಬಿಟ್ಟರೆ ಒಂಟಿತನ. ಕೋಲು ಬಳ್ಳಿಯ ಹಿಂದುಗಡೆ, ಎಡಕ್ಕಿದ್ದರೆ? ಬೇಕಾದ್ದು ಪಕ್ಕದಲ್ಲೇ ಇದ್ದೂ ಬೇರೆಲ್ಲೋ ತಡಕುವ ಪೆದ್ದುತನ. ಆರರಲ್ಲಿ ಅದೇ ಚೆನ್ನಾಗಿ ಬರುವ ಸಾಧ್ಯತೆಯೂ ಇದೆ.

ತಬ್ಬಿದ ಬಳ್ಳಿ ಬೇಕಿದ್ದವರು ಹಿಮಾಚಲದ ಕಾಂಗ್ಡಾ ಶೈಲಿಯ ರಾಧಾ-ಕೃಷ್ಣರ ಕಿರುಚಿತ್ರಗಳನ್ನು ನೋಡಬಹುದು. ಜೋಡಿಯ ಹಿಂದಿನ ಮರಕ್ಕೆ ಹೂಬಳ್ಳಿ ಸುತ್ತಿರುವುದು ಅಲ್ಲಿ ಬರೀ ಅಲಂಕಾರವಲ್ಲ.

ಬಣ್ಣ ಹಾಕುವಾಗ

ಪೆನ್ಸಿಲ್ ಗೆರೆ ತಿಳಿಯಾಗಿ ಹಾಕಿ, ಚಪ್ಪಟೆ ಬ್ರಷ್ಷಿನಿಂದ ಇಡೀ ಕಾಗದ ಒದ್ದೆ ಮಾಡಿ. ಅಲ್ಟ್ರಾಮರೀನ್‌ಗೆ ಅಷ್ಟೇ ಬರ್ನ್ಟ್ ಸಿಯೆನ್ನಾ ಬೆರೆಸಿ, ನೀರು ಹೆಚ್ಚಿಸಿ ಬೂದು ಹಿನ್ನೆಲೆ ಎಳೆಯಿರಿ. ಕುಡಿಗೂ ಕೋಲಿಗೂ ನಡುವಿನ ಜಾಗ ಮಾತ್ರ ಬಹುತೇಕ ಬಿಳಿಯಾಗೇ ಇರಲಿ, ಕಣ್ಣು ಮೊದಲು ಅಲ್ಲಿಗೇ ಹೋಗಬೇಕು. ಜಲವರ್ಣ ಒಣಗಿದ ಮೇಲೆ ತಿಳಿಯಾಗುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಒಂದು ಛಾಯೆ ಗಾಢವಾಗಿಯೇ ಹಾಕಿ.

ಇಲ್ಲಿ ಕಾಯದವರೇ ಕೆಡುವುದು. ಅರೆಒದ್ದೆ ಹಿನ್ನೆಲೆಗೆ ನೀರು ತುಂಬಿದ ಬ್ರಷ್ ಇಟ್ಟರೆ, ಹೊಸ ನೀರು ಬಣ್ಣದ ಕಣಗಳನ್ನು ಅಂಚಿಗೆ ದೂಡಿ ಹೂಕೋಸಿನಂಥ ಕಲೆ ಮಾಡುತ್ತದೆ. ಅಂಗೈ ಹಿಂಭಾಗ ತಾಗಿಸಿ ನೋಡಿ. ತಣ್ಣಗಿದ್ದರೆ ಇನ್ನೂ ಹಸಿ.

ಎಲೆಗೆ ಟ್ಯೂಬಿನ ಹಸಿರು ಹಾಗೇ ಹಾಕಿದರೆ ಪ್ಲಾಸ್ಟಿಕ್ ಗಿಡ. 4 ಪಾಲು ಸ್ಯಾಪ್ ಗ್ರೀನ್‌ಗೆ 1 ಪಾಲು ಕ್ರಿಮ್ಸನ್ ಬೆರೆಸಿ, ಹಸಿರಿನ ಅಬ್ಬರ ಇಳಿಯುತ್ತದೆ. ತುದಿಯ ಎಳೆ ಎಲೆಗೆ ಕ್ರಿಮ್ಸನ್ ಬಿಟ್ಟು ಲೆಮನ್ ಯೆಲ್ಲೋ ಸೇರಿಸಿ. ಬುಡದ ಹಳೆ ಎಲೆಗಳ ಅಂಚಿಗೆ ಬರ್ನ್ಟ್ ಸಿಯೆನ್ನಾ ತಾಗಿಸಿ, ಸೌತೆಯಲ್ಲಿ ವಯಸ್ಸಾಗಿ ಹಳದಿಗೆ ತಿರುಗುವುದು ಮೊದಲು ಅವೇ. ಹೀಗೆ ಒಂದೇ ಬಳ್ಳಿಯಲ್ಲಿ ದಣಿವೂ ಆಸೆಯೂ ಸೇರುತ್ತವೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಡಚ್ ಕಲಾವಿದ ವ್ಯಾನ್ ಗೋನ 1888ರ ಸೂರ್ಯಕಾಂತಿ ಚಿತ್ರದಲ್ಲೂ ಒಂದೇ ಹೂದಾನಿಯೊಳಗೆ ತುಂಬಿ ಅರಳಿದವು, ಕತ್ತು ಬಗ್ಗಿಸಿದವು, ಎಸಳು ಉದುರಿ ಬೀಜ ಕಟ್ಟಿದವು ಎಲ್ಲವೂ ಇವೆ.

ಕುಡಿಯನ್ನು ಕೊನೆಗೆ ಬಿಡಿಸಿ. ಬಣ್ಣ ಹಾಲಿನಷ್ಟು ಮಂದವಿರಲಿ. ರಿಗ್ಗರ್ ಬ್ರಷ್ಷನ್ನು ಬುಡದಿಂದ ತುದಿಗೆ, ಬೆರಳಿಂದಲ್ಲ, ಭುಜದಿಂದ ಎಳೆಯಿರಿ. ಹೋಗ್ತಾ ಹೋಗ್ತಾ ಒತ್ತಡ ಕಡಿಮೆ ಮಾಡಿ. ತಡೆದು ತಡೆದು ಎಳೆದರೆ ಗಂಟುಗಂಟಾಗುತ್ತದೆ, ಹಿಂದಿನ ದಿನದ ಪೇಪರಿನ ಮೇಲೆ ಇಪ್ಪತ್ತು ಸಲ ಅಭ್ಯಾಸ ಮಾಡಿಕೊಳ್ಳಿ. ಸುರುಳಿ ಇದ್ದರೆ ಮುಂದಿನ ಸುತ್ತು ಗಾಢ, ಹಿಂದಿನ ಸುತ್ತು ತಿಳಿ. ಇಲ್ಲವಾದರೆ ಅದು ಅಂಕುಡೊಂಕು ಗೆರೆ ಅಷ್ಟೆ.

ಎಡವುವ ಕಡೆ

ಬಾಡಿದ ಗಿಡ ಎಂದರೆ ಇಡೀ ಕಾಂಡವನ್ನು ಶಾವಿಗೆಯಂತೆ ಬಗ್ಗಿಸುವುದು ಎಲ್ಲರೂ ಮಾಡುವ ತಪ್ಪು. ಎಲೆಗಳು ಜೋತುಬೀಳುತ್ತವೆ, ಇನ್ನೂ ಗಟ್ಟಿಯಾಗದ ಎಳೆ ತುದಿ ಬಾಗುತ್ತದೆ, ಬಲಿತ ಕಾಂಡ ಹಾಗೇ ನಿಂತಿರುತ್ತದೆ. ಆ ನೆಟ್ಟಗಿರುವ ಭಾಗವಿದ್ದರೇನೇ ಬಾಗಿದ್ದು ಕಾಣುವುದು. ಎಲೆಯಿಂದ ಕಣ್ಣೀರಿನಂತೆ ಹನಿ ತೊಟ್ಟಿಕ್ಕಿಸುವುದು, ಕಾಂಡಕ್ಕೆ ಮುಖ ಬರೆಯುವುದು, ಕೆಳಗೆ ‘ಒಂಟಿತನ’ ಎಂದು ಶೀರ್ಷಿಕೆ ಕೊಡುವುದು ಮೂರೂ ಬೇಡ.

ಮುಗಿದ ಮೇಲೆ ಮನೆಯಲ್ಲಿ ಇಬ್ಬರಿಗೆ ತೋರಿಸಿ. ಯಾವ ಭಾವ ಎಂದು ಕೇಳಬೇಡಿ, ‘ಇಲ್ಲೇನು ನಡೀತಿದೆ?’ ಎಂದು ಕೇಳಿ. ‘ಸೌತೆ ಬಳ್ಳಿ’ ಎಂದಷ್ಟೇ ಅಂದರೆ ಅದಿನ್ನೂ ಪಠ್ಯಪುಸ್ತಕದ ಚಿತ್ರ. ‘ಅಯ್ಯೋ, ಆ ಕೋಲು ಸ್ವಲ್ಪ ಈಚೆಗಿರಬಾರದಿತ್ತಾ’ ಎಂದರೆ ಕೆಲಸ ಆಯಿತು. ಆಗದಿದ್ದರೆ ಬಣ್ಣ ತಿದ್ದಲು ಹೋಗಬೇಡಿ. ಕಂದು ಕಾಗದದ ತೆಳು ಪಟ್ಟಿಯೊಂದನ್ನು ಕತ್ತರಿಸಿ, ಚಿತ್ರದ ಕೋಲನ್ನು ಬಿಳಿ ಕಾಗದದಿಂದ ಮುಚ್ಚಿ, ಪಟ್ಟಿಯನ್ನು ಕುಡಿಯ ಮುಂದೆ ಹಿಂದೆ ಸರಿಸಿ ನೋಡಿ. ಸರಿಯಾದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಎರಡನೇ ಕಾಗದ ಹಲಗೆಗೆ ಅಂಟಿಸಿ.